ಮಂಗಳವಾರದ ಕಂತು

ಒಂಬತ್ತನೇ ಕ್ಲಾಸಿನಲ್ಲಿ ನನ್ನ ಅಕ್ಷರ ದುಂಡಗಿತ್ತು. ಅದೊಂದೇ ಕಾರಣಕ್ಕೆ ನಮ್ಮ ಓಣಿಯ ಸ್ತ್ರೀಶಕ್ತಿ ಸಂಘದ ಠರಾವು ಪುಸ್ತಕ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಸಂಘದಲ್ಲಿ 17 ಹೆಂಗಸರು. ನೆಟ್ಟಗೆ ಓದಿ ಬರೆಯಲು ಬರುತ್ತಿದ್ದವರು ಇಬ್ಬರೇ. ಆ ಇಬ್ಬರಿಗೂ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಹಾಗಾಗಿ ಪ್ರತಿ ಮಂಗಳವಾರ ಸಂಜೆ ಅಂಗನವಾಡಿ ಕಟ್ಟೆಯ ಮೇಲೆ ಕೂತು ಯಾರು 10 ರೂಪಾಯಿ ಕೊಟ್ಟರು, ಯಾರು ಮುಂದಿನ ವಾರ 20 ಕೊಡುತ್ತೇನೆ ಅಂದರು, ಯಾರು ಬರಲೇ ಇಲ್ಲ ಅಂತ ನಾನೇ ಬರೆಯುತ್ತಿದ್ದೆ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ. ನನಗೆ ಸಿಗುತ್ತಿದ್ದ ಸಂಬಳ ಒಂದು ಕಪ್ ಚಹಾ, ಜೊತೆಗೆ ಊರಿನ ಎಲ್ಲ ಮನೆಗಳ ಗುಟ್ಟು.

ಇದು ಹಾವೇರಿ ಜಿಲ್ಲೆಯ ಒಂದು ಊರಿನ ಮಾತು, ವರ್ಷ 2003. ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ಶುರು ಮಾಡಿದ್ದು 2000-01ರಲ್ಲಿ. ಹಾಗಾಗಿ ನಮ್ಮದು ತೀರಾ ಹಳೆಯ ಸಂಘವೇನಲ್ಲ. ಮೊನ್ನೆ ಗೆಳೆಯರೊಬ್ಬರು "ಹೆಣ್ಣುಮಕ್ಕಳಿಗೆ ಸಣ್ಣ ಸಾಲ ಕೊಟ್ಟರೆ ಸಾಕು, ಅವರು ತಾವೇ ಉದ್ಯಮಿಗಳಾಗುತ್ತಾರೆ" ಎಂದರು. ಇನ್ನೊಬ್ಬರು "ಮೈಕ್ರೋಫೈನಾನ್ಸ್ ಅಂದರೆ ಬರೀ ರಕ್ತ ಹೀರುವುದು" ಎಂದರು. ಎರಡು ಮಾತಿಗೂ ತಲೆ ಆಡಿಸಲು ನನ್ನಿಂದ ಆಗಲಿಲ್ಲ. ಆ ಕಟ್ಟೆಯ ಮೇಲೆ ನಾನು ಕಂಡದ್ದು ಬೇರೆ ಥರ ಇತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗಬಹುದು.

ಮೊದಲು ಕಾಕುವಿನ ಕತೆ. ನಮ್ಮ ಹಿಂದಿನ ಮನೆಯಾಕೆ, ನಮಗೆಲ್ಲ ಕಾಕು. ಆಕೆ ದಿನಾ 60-65 ಜೋಳದ ರೊಟ್ಟಿ ಬಡಿದು ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ಕೊಡುತ್ತಿದ್ದಳು, ಆಗ ರೊಟ್ಟಿಗೆ 1 ರೂಪಾಯಿ. ಜೋಳ ತರುತ್ತಿದ್ದದ್ದು ಮೂಲೆ ಅಂಗಡಿಯಿಂದ, ದಿನಕ್ಕೆ 4 ಕಿಲೋ, ಉದ್ರಿ. ಉದ್ರಿಯವರಿಗೆ ಕಿಲೋಗೆ ಒಂಬತ್ತೂವರೆ. ಅಂದರೆ 38 ರೂಪಾಯಿ ಜೋಳಕ್ಕೇ ಹೋಯಿತು. ಉಳಿದ 26ರಲ್ಲಿ ಕಟ್ಟಿಗೆ, ಗಿರಣಿ, ಆಮೇಲೆ ಮನೆ. ಅದೇ ಜೋಳ ಸಂತೆಯಲ್ಲಿ ಕ್ವಿಂಟಲ್ ಚೀಲಕ್ಕೆ 700 ರೂಪಾಯಿಗೆ ಸಿಗುತ್ತಿತ್ತು, ಆದರೆ ನಗದು ಎಣಿಸಬೇಕು. ಕಾಕುವಿನ ಕೈಯಲ್ಲಿ 700 ರೂಪಾಯಿ ಒಟ್ಟಿಗೆ ಯಾವತ್ತೂ ಇರುತ್ತಿರಲಿಲ್ಲ. ಇದ್ದಿದ್ದರೆ ಉದ್ರಿ ಯಾಕೆ ತರುತ್ತಿದ್ದಳು?

ಸಂಘದಿಂದ ಆಕೆ ತೆಗೆದುಕೊಂಡ ಮೊದಲ ಸಾಲ 1,000 ರೂಪಾಯಿ. ಬಡ್ಡಿ ತಿಂಗಳಿಗೆ ನೂರಕ್ಕೆ 2. ಒಂದು ಚೀಲ ಜೋಳ ತಂದಳು, ಉಳಿದದ್ದರಲ್ಲಿ ಕಟ್ಟಿಗೆ. ಒಂದು ಚೀಲ 25 ದಿನ ಬಂತು. ಲೆಕ್ಕ ಹಾಕಿ: ಒಂದು ಚೀಲಕ್ಕೆ 250 ರೂಪಾಯಿ ಉಳಿಯಿತು, ಅಂದರೆ ದಿನಕ್ಕೆ 10. ಮೊದಲ ತಿಂಗಳ ಬಡ್ಡಿ 20 ರೂಪಾಯಿ. ಬೇರೇನೂ ಬದಲಾಗಿರಲಿಲ್ಲ. ಅದೇ ಒಲೆ, ಅದೇ ರೊಟ್ಟಿ, ಅದೇ ಖಾನಾವಳಿ. ಅಂಗಡಿಯವನ ಉದ್ರಿ ಪುಸ್ತಕದಿಂದ ಆಕೆಯ ಹೆಸರು ಹೋಯಿತು, ಅಷ್ಟೇ. ಆ 10 ರೂಪಾಯಿಯನ್ನು ಕಾಕು ಮಂಗಳವಾರಕ್ಕೆ ಅಂತ ಬೇರೆ ಡಬ್ಬಿಯಲ್ಲಿ ಹಾಕುತ್ತಿದ್ದಳು. ಇನ್ನೊಂದು ವಿಷಯ ಜನ ಮರೆಯುತ್ತಾರೆ. ಆಕೆ ಕಟ್ಟಿದ ಬಡ್ಡಿ ಊರು ಬಿಟ್ಟು ಹೋಗಲಿಲ್ಲ. ಅದೇ ಪೆಟ್ಟಿಗೆಗೆ ಬಿತ್ತು. ವರ್ಷದ ಕೊನೆಗೆ ಅದರಲ್ಲಿ ಆಕೆಗೂ ಪಾಲು.

ಎಷ್ಟೋ ವರ್ಷಗಳ ನಂತರ ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯ ಬಗ್ಗೆ ಓದಿದಾಗ ನನಗೆ ಕಾಕುವೇ ಕಣ್ಮುಂದೆ ಬಂದಳು. ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಮುಹಮ್ಮದ್ ಯೂನುಸ್ 1976ರಲ್ಲಿ ಆ ಹಳ್ಳಿಯಲ್ಲಿ ಸುಫಿಯಾ ಬೇಗಂ ಎಂಬಾಕೆಯನ್ನು ಕಂಡರು. ಆಕೆ ಕೂರುವ ಬಿದಿರಿನ ಸ್ಟೂಲ್ ಹೆಣೆಯುತ್ತಿದ್ದಳು. ಬಿದಿರಿಗೆ ದುಡ್ಡಿಲ್ಲ, ವ್ಯಾಪಾರಿಯ ಹತ್ತಿರ ಸಾಲ ತರಬೇಕು, ಮಾಡಿದ್ದನ್ನು ಅವನಿಗೇ ಅವನು ಹೇಳಿದ ಬೆಲೆಗೆ ಕೊಡಬೇಕು. ಇಡೀ ದಿನ ದುಡಿದರೆ ಉಳಿಯುತ್ತಿದ್ದದ್ದು ಅರ್ಧ ಟಾಕಾ. ಅದೇ ಪರಿಸ್ಥಿತಿಯಲ್ಲಿದ್ದವರ ಪಟ್ಟಿ ಮಾಡಿಸಿದರೆ 42 ಜನ, ಎಲ್ಲರ ಸಾಲ ಕೂಡಿಸಿದರೂ 856 ಟಾಕಾ, ಆಗಿನ ಸುಮಾರು 27 ಡಾಲರ್. ಅದನ್ನು ಯೂನುಸ್ ತಮ್ಮ ಜೇಬಿನಿಂದಲೇ ಕೊಟ್ಟರು. 1983ರಲ್ಲಿ ಆ ಪ್ರಯೋಗವೇ ಬಡವರಿಗೆ ಸಣ್ಣ ಸಾಲ ಕೊಡುವ 'ಗ್ರಾಮೀಣ್ ಬ್ಯಾಂಕ್' ಆಯಿತು, 2006ರಲ್ಲಿ ಯೂನುಸ್‌ಗೂ ಆ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಈ ಕತೆ ಹೇಳುವವರೆಲ್ಲ "ಸಾಲದಿಂದ ವ್ಯಾಪಾರ ಶುರುವಾಯಿತು" ಅಂತ ಹೇಳುತ್ತಾರೆ. ಅಲ್ಲ! ಸುಫಿಯಾ ಬೇಗಂಗೆ ಕೆಲಸ ಮೊದಲೇ ಬರುತ್ತಿತ್ತು, ಗಿರಾಕಿಯೂ ಇದ್ದ. ಕಾಕುವಿಗೂ ಅಷ್ಟೇ. ಸಾಲದಿಂದ ಆದದ್ದು ಇಷ್ಟೇ, ನಡುವೆ ಕೂತವನು ಎದ್ದು ಹೋದ.

ಇನ್ನು ಹೆಣ್ಣುಮಕ್ಕಳ ಸಂಘ ಅಂದರೆ ಬಾಂಗ್ಲಾದಿಂದ ಬಂದ ಐಡಿಯಾ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ನಮ್ಮ ಥರದ ಸಂಘದ ಬೇರು ಬಹಳಷ್ಟು ಇಲ್ಲೇ, ಕರ್ನಾಟಕದಲ್ಲೇ ಇದೆ. ಮೈರಾಡ ಅಂತ ಒಂದು ಸಂಸ್ಥೆ, 1968ರಲ್ಲಿ ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಹುಟ್ಟಿದ್ದು. ಅವರು ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಮಾಡಿಸಿದ್ದರು. 1984-85ರ ಸುಮಾರಿಗೆ ಅವು ಮುರಿದು ಬಿದ್ದವು. ಎಲ್ಲ ಕಡೆ ಆಗುವ ಹಾಗೆ ಅಧ್ಯಕ್ಷನದ್ದೇ ದರ್ಬಾರು. ಆಗ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲ ತೀರಿಸುತ್ತೇವೆ, ಆದರೆ ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ ಅಂದರು. ಹಾಗಿದ್ದರೆ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದು ಮೈರಾಡ ಹೇಳಿತು. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರುವ ಹದಿನೈದಿಪ್ಪತ್ತು ಜನ, ತಮ್ಮದೇ ಉಳಿತಾಯ, ತಮ್ಮದೇ ನಿಯಮ. 1987ರಲ್ಲಿ ನಬಾರ್ಡ್, ಅಂದರೆ ಕೃಷಿ ಮತ್ತು ಹಳ್ಳಿಗಳ ಸಾಲ ನೋಡಿಕೊಳ್ಳುವ ರಾಷ್ಟ್ರೀಯ ಬ್ಯಾಂಕ್, ಇದಕ್ಕೆ 10 ಲಕ್ಷ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಆಮೇಲೆ ದೇಶದ ತುಂಬಾ ಹಬ್ಬಿತು. ಒಂದು ಜಗಳದಿಂದ ಇಷ್ಟೆಲ್ಲ ಆಯಿತು ನೋಡಿ. (ನಮ್ಮ ಸಂಘದ ಆ ಇಬ್ಬರ ಜಗಳದಿಂದ ನಾನು ಲೆಕ್ಕ ಕಲಿತ ಹಾಗೆ.)

ಈಗ ಗೊಂದಲ ಎಲ್ಲಿ ಅಂದರೆ, ನಮ್ಮೂರಲ್ಲಿ ಎಲ್ಲದಕ್ಕೂ "ಸಂಘದ ಸಾಲ" ಎಂದೇ ಹೆಸರು. ಪೆಟ್ಟಿಗೆಯಿಂದ ತೆಗೆದದ್ದೂ ಸಂಘದ ಸಾಲ, ಬ್ಯಾಂಕು ಸಂಘಕ್ಕೆ ಕೊಟ್ಟದ್ದೂ ಸಂಘದ ಸಾಲ, ಬೈಕಿನಲ್ಲಿ ಬ್ಯಾಗ್ ಹಾಕಿಕೊಂಡು ಬರುವ ಮೈಕ್ರೋಫೈನಾನ್ಸ್ ಕಂಪನಿ ಹುಡುಗ ಕೊಡುವುದೂ ಸಂಘದ ಸಾಲ. ಕಂಪನಿಯವರದ್ದರಲ್ಲಿ ಉಳಿತಾಯ ಇಲ್ಲ, ಪೆಟ್ಟಿಗೆ ಇಲ್ಲ. ಸಾಲಕ್ಕಾಗಿಯೇ ನಾಲ್ಕೈದು ಹೆಂಗಸರನ್ನು ಸೇರಿಸಿ ಒಬ್ಬರಿಗೊಬ್ಬರನ್ನು ಹೊಣೆ ಮಾಡುತ್ತಾರೆ. ಫೋಟೋ, ಆಧಾರ್, ಸಹಿ, ಮೂರು ದಿನದಲ್ಲಿ ದುಡ್ಡು. ಬ್ಯಾಂಕಿಗೆ ಆರು ಸಲ ಅಲೆದವರಿಗೆ ಇದು ಎಷ್ಟು ದೊಡ್ಡ ಸುಖ ಅಂತ ಹೊರಗಿನಿಂದ ಬೈಯುವವರಿಗೆ ಗೊತ್ತಾಗುವುದಿಲ್ಲ. ಕೇಳದೆಯೇ ಮನೆ ಬಾಗಿಲಿಗೆ ಬಂದು "ಅಕ್ಕಾರ" ಅಂತ ಮರ್ಯಾದೆಯಿಂದ ಕರೆದು 30,000 ಕೊಟ್ಟರೆ ಯಾರು ಬೇಡ ಅನ್ನುತ್ತಾರೆ?

ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದ ಗೆಳತಿಯೊಬ್ಬಳು ಹಾಗೇ 30,000 ತೆಗೆದುಕೊಂಡಳು. ಅದಕ್ಕೆ ಕಿವಿಯ ಓಲೆ ಗಿರವಿ ಇಟ್ಟ ದುಡ್ಡು ಸೇರಿಸಿ ಗಬ್ಬದ ಆಕಳು ತಂದಳು. ಒಳ್ಳೆಯ ಆಕಳು, ಒಳ್ಳೆಯ ಯೋಚನೆ. ಡೇರಿ ಊರಲ್ಲೇ ಇದೆ. ಆದರೆ ಆಕಳು ಈಯಲು ಇನ್ನೂ ಮೂರು ತಿಂಗಳಿತ್ತು, ಕಂತು ಮಾತ್ರ ಮುಂದಿನ ವಾರದಿಂದಲೇ ಶುರು. ವಾರಕ್ಕೆ 650 ರೂಪಾಯಿ, 52 ವಾರ. ಹಾಲಿನ ಮೊದಲ ಹನಿ ಕಾಣುವ ಮೊದಲು 13 ಕಂತು, 8,450 ರೂಪಾಯಿ ಕಟ್ಟಬೇಕು. ಎಲ್ಲಿಂದ ತರುತ್ತಾಳೆ? ಇನ್ನೊಂದು ಕಂಪನಿಯಿಂದ. ಎರಡನೆಯದರ ಕಂತಿಗೆ ಮೂರನೆಯದು. ಆಕಳು ಈದಾಗ ಮೂರು ಕಂತು ಕಟ್ಟುವ ಹಾಲು ಅದರ ಕೆಚ್ಚಲಲ್ಲಿ ಇರಲಿಲ್ಲ. ಕೊನೆಗೆ ಆಕಳು ಮಾರಿದಳು, ಕರು ಸಮೇತ. ಓಲೆ ಇನ್ನೂ ಬಿಡಿಸಿಕೊಂಡಿಲ್ಲ.

ಇಲ್ಲಿ ಬಡ್ಡಿಯದ್ದೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಓದಿದವರೂ ಇದರಲ್ಲಿ ಬೀಳುತ್ತಾರೆ. 650ನ್ನು 52ರಿಂದ ಗುಣಿಸಿದರೆ 33,800. 30,000ಕ್ಕೆ 3,800 ಬಡ್ಡಿ, ನೂರಕ್ಕೆ 13ರ ಒಳಗೇ ಆಯಿತಲ್ಲ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ 30,000 ಅವಳ ಕೈಯಲ್ಲಿ ವರ್ಷ ಪೂರ್ತಿ ಇರುವುದಿಲ್ಲ. ಪ್ರತಿ ವಾರ ಸ್ವಲ್ಪ ಸ್ವಲ್ಪ ವಾಪಸ್ ಹೋಗುತ್ತಲೇ ಇರುತ್ತದೆ, ಆರು ತಿಂಗಳಿಗೆ ಉಳಿಯುವುದು ಸುಮಾರು ಅರ್ಧ. ಕೈಯಲ್ಲಿ ಉಳಿದ ದುಡ್ಡಿನ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ನೂರಕ್ಕೆ 24. ಕಾಕು ಸಂಘಕ್ಕೆ ಕಟ್ಟುತ್ತಿದ್ದದ್ದೂ ತಿಂಗಳಿಗೆ 2, ಅಂದರೆ ವರ್ಷಕ್ಕೆ ಅದೇ 24! ಹಾಗಾಗಿ ನನ್ನ ಗೆಳತಿ ಮುಳುಗಿದ್ದು ಬರೀ ಬಡ್ಡಿಯಿಂದ ಅಂತ ನಾನು ಹೇಳುವುದಿಲ್ಲ. ಅವಳನ್ನು ಮುಳುಗಿಸಿದ್ದು ಕ್ಯಾಲೆಂಡರು.

ಇದೇ ನನಗೆ ಹೇಳಬೇಕಾಗಿದ್ದ ಮಾತು. ಸಾಲ ಎಷ್ಟು, ಬಡ್ಡಿ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಮೊದಲ ಕಂತು ಯಾವಾಗ ಅಂತ ಯಾರೂ ಕೇಳುವುದಿಲ್ಲ. ವಾರದ ಕಂತು ಅಂದರೆ ದಿನಾ ದುಡ್ಡು ನೋಡುವ ವ್ಯಾಪಾರಕ್ಕೆ ಮಾತ್ರ ಹೊಂದುವ ಸಾಲ. ರೊಟ್ಟಿ, ತರಕಾರಿ ಗಾಡಿ, ಹೂವು, ಮಂಡಕ್ಕಿ-ಮಿರ್ಚಿ, ಈಗಾಗಲೇ ಹಾಲು ಕರೆಯುತ್ತಿರುವ ಎಮ್ಮೆ, ಇವಕ್ಕೆಲ್ಲ ನಡೆಯುತ್ತದೆ. ಹೊಲಿಗೆ ಮಷೀನ್ ತಂದು ಗಿರಾಕಿ ಹುಡುಕಬೇಕಾದವಳಿಗೆ, ಮೇಕೆ ಮರಿ ತಂದು ಬೆಳೆಸುವವಳಿಗೆ, ಮೆಣಸಿನಕಾಯಿ ಬೆಳೆಗೆ ಹಾಕುವವಳಿಗೆ ನಡೆಯುವುದಿಲ್ಲ. ಅಂದರೆ ಯಾವ ವ್ಯಾಪಾರ ಮಾಡಬೇಕು ಅಂತ ಸಾಲವೇ ತೀರ್ಮಾನ ಮಾಡಿಬಿಡುತ್ತದೆ. ಒಂದೇ ಓಣಿಯಲ್ಲಿ ಆರು ಹೆಂಗಸರು ರೊಟ್ಟಿ ಬಡಿದು, ಒಬ್ಬರ ರೇಟನ್ನು ಒಬ್ಬರು ಇಳಿಸಿಕೊಂಡು ಕೂರುವುದು ಇದೇ ಕಾರಣಕ್ಕೆ. ಹೊಸದೇನೂ ತಲೆಗೆ ಹೊಳೆಯದೆ ಅಲ್ಲ. ಹೊಸದು ಕಣ್ಣು ಬಿಡುವವರೆಗೆ ಮಂಗಳವಾರ ಕಾಯುವುದಿಲ್ಲ.

ಇದು ನನ್ನೊಬ್ಬಳ ತಲೆಹರಟೆ ಅಂದುಕೊಳ್ಳಬೇಡಿ. ಅರ್ಥಶಾಸ್ತ್ರಜ್ಞರಾದ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಅವರ ಜೊತೆಗಾರರು ಕೋಲ್ಕತ್ತಾದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು, 2013ರಲ್ಲಿ ಪ್ರಕಟವಾಯಿತು. ಕೆಲವು ಹೆಂಗಸರಿಗೆ ಮಾಮೂಲಿನಂತೆ ಎರಡು ವಾರಕ್ಕೆ ಕಂತು ಶುರು, ಕೆಲವರಿಗೆ ಎರಡು ತಿಂಗಳು ಬಿಟ್ಟು. ಉಳಿದದ್ದೆಲ್ಲ ಒಂದೇ. ಎರಡು ತಿಂಗಳು ಸಿಕ್ಕವರು ವ್ಯಾಪಾರಕ್ಕೆ ಜಾಸ್ತಿ ಹಾಕಿದರು, ವರ್ಷಗಳ ನಂತರ ನೋಡಿದಾಗ ಅವರ ಲಾಭವೂ ಜಾಸ್ತಿ ಇತ್ತು. ಆದರೆ ಸಾಲ ತೀರಿಸದೆ ಉಳಿದವರೂ ಅವರಲ್ಲೇ ಜಾಸ್ತಿ. ಕಂಪನಿಯವರು ವಾರದ ಕಂತನ್ನು ಯಾಕೆ ಬಿಡುವುದಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ, ಅಲ್ವಾ? ಧೈರ್ಯ ಮಾಡಿದವರಲ್ಲಿ ಕೆಲವರು ಬೀಳುತ್ತಾರೆ. ಬೀಳುವವರ ಭಾರ ಹೊರಲು ಕಂಪನಿಗೆ ಮನಸ್ಸಿಲ್ಲ.

ಹೈದರಾಬಾದಿನಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮುಂತಾದ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನವೂ ಇದೆ. 104 ಬಡಾವಣೆ ಆರಿಸಿ, ಅದರಲ್ಲಿ 52ಕ್ಕೆ ಮಾತ್ರ ಮೊದಲು ಸಾಲದ ಕಂಪನಿ ಬರುವಂತೆ ಮಾಡಿದ್ದರು. ಬಡತನ ಓಡಿಹೋಗಲಿಲ್ಲ, ಹೆಂಗಸರಿಗೆ ಮನೆಯಲ್ಲಿ ಮಾತು ಜಾಸ್ತಿ ನಡೆಯಿತು ಅನ್ನಲೂ ಆಧಾರ ಸಿಗಲಿಲ್ಲ. ಲಾಭ ಏರಿದ್ದು ಹೆಚ್ಚಾಗಿ ಮೊದಲೇ ಚೆನ್ನಾಗಿ ವ್ಯಾಪಾರ ಮಾಡುತ್ತಿದ್ದವರಿಗೆ. ಇದು ಓದಿ ನನಗೇನೂ ಆಶ್ಚರ್ಯ ಆಗಲಿಲ್ಲ. ಕಾಕು ಆ ಸಾಲಿನವಳೇ. ಆದರೆ ಮಾತು ನಡೆಯಲಿಲ್ಲ ಅನ್ನುವುದನ್ನು ನಮ್ಮ ಕಟ್ಟೆಯ ಮಟ್ಟಿಗೆ ನಾನು ಒಪ್ಪುವುದಿಲ್ಲ. ಗಂಡನ ಹೆಸರು ಹೇಳಲೂ ನಾಚುತ್ತಿದ್ದ ಹೆಂಗಸು ಎರಡು ವರ್ಷದಲ್ಲಿ ಬ್ಯಾಂಕ್ ಮ್ಯಾನೇಜರ್ ಮುಂದೆ ಕುರ್ಚಿ ಎಳೆದುಕೊಂಡು ಕೂತದ್ದನ್ನು ನಾನು ಕಂಡಿದ್ದೇನೆ. ಅದು ಸಾಲದಿಂದ ಬಂದದ್ದಲ್ಲ. ಪ್ರತಿ ವಾರ ಕೂತು ಬೇರೆಯವರ ಸಾಲದ ಬಗ್ಗೆ ಹೌದು, ಇಲ್ಲ ಅಂತ ತೀರ್ಮಾನ ಹೇಳಿ ಹೇಳಿ ಬಂದದ್ದು. ಕಂಪನಿ ಗುಂಪಿನಲ್ಲಿ ಆ ತೀರ್ಮಾನ ಬೈಕಿನ ಹುಡುಗನ ಟ್ಯಾಬ್‌ನಲ್ಲಿರುತ್ತದೆ.

ಮತ್ತೆ ಕ್ಯಾಲೆಂಡರಿನ ವಿಷಯಕ್ಕೆ ಬರುತ್ತೇನೆ. 2009ರಲ್ಲಿ ಕೋಲಾರದಲ್ಲಿ ಏನಾಯಿತು ಅಂತ ಈಗ ಸುಮಾರು ಜನರಿಗೆ ಮರೆತಿದೆ. ರೇಷ್ಮೆ ಕೆಲಸ ನಂಬಿದ್ದ ಎಷ್ಟೋ ಮನೆಗಳು ಒಂದಕ್ಕಿಂತ ಹೆಚ್ಚು ಕಂಪನಿಗಳಿಂದ ಸಾಲ ಮಾಡಿದ್ದವು. ರೇಷ್ಮೆ ವ್ಯಾಪಾರ ಕುಸಿಯಿತು, ಕಂತು ಮಾತ್ರ ವಾರ ತಪ್ಪದೆ ಬರುತ್ತಲೇ ಇತ್ತು. ಕೊನೆಗೆ ಅಲ್ಲಿನ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿ ಕಂತು ಕಟ್ಟಬೇಡಿ ಎಂದೇ ಹೇಳಿಬಿಟ್ಟಿತು. ಶಿಡ್ಲಘಟ್ಟ, ರಾಮನಗರ, ಮೈಸೂರಿನಲ್ಲೂ ಅದೇ ಬಿಸಿ. ಮುಂದಿನ ವರ್ಷ ಆಂಧ್ರದಲ್ಲಿ ಆತ್ಮಹತ್ಯೆಗಳ ಸುದ್ದಿ, 2010ರ ಅಕ್ಟೋಬರ್‌ನಲ್ಲಿ ಅಲ್ಲಿ ಈ ಕಂಪನಿಗಳಿಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ. ನಮ್ಮಲ್ಲಿ ಸುಗ್ರೀವಾಜ್ಞೆ ಬರಲು 2025ರ ಫೆಬ್ರವರಿ ಆಗಬೇಕಾಯಿತು. ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆ ಜನವರಿಯಲ್ಲಿ ಪೇಪರ್ ತೆರೆದರೆ ಊರು ಬಿಟ್ಟವರ ಸುದ್ದಿ, ಮನೆಗೆ ಬೀಗ ಬಿದ್ದ ಸುದ್ದಿ. ನನ್ನ ಗೆಳತಿಯ ಮನೆ ಮುಂದೆಯೂ ರಾತ್ರಿ ಎಂಟರವರೆಗೆ ಇಬ್ಬರು ಹುಡುಗರು ಕೂತಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ, ಸುಮ್ನೆ ಕೂತಿದ್ದರು. ಓಣಿಯವರೆಲ್ಲ ನೋಡಲಿ ಅಂತ.

ಇದರ ನಡುವೆ ಒಂದು ಒಳ್ಳೆಯ ನಿಯಮ ಸದ್ದಿಲ್ಲದೆ ಕೂತಿದೆ. ಆರ್‌ಬಿಐ 2022ರಲ್ಲಿ ತಂದ ನಿರ್ದೇಶನ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡಮಾನ ಇಲ್ಲದೆ ಕೊಡುವುದೆಲ್ಲ ಮೈಕ್ರೋಫೈನಾನ್ಸ್ ಸಾಲ. ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಅಂತ ಫೋನ್ ಮಾಡಿ ಕಾಡುವ ಹಾಗಿಲ್ಲ. ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು: ಕಂತು ವಾರಕ್ಕೋ, ಹದಿನೈದು ದಿನಕ್ಕೋ, ತಿಂಗಳಿಗೋ ಅನ್ನುವುದನ್ನು ಸಾಲ ತೆಗೆದುಕೊಳ್ಳುವವರ ಅಗತ್ಯಕ್ಕೆ ಹೊಂದಿಸಲು ಪ್ರತಿ ಕಂಪನಿಯಲ್ಲೂ ಒಂದು ನೀತಿ ಇರಬೇಕು. ಇದನ್ನು ನಮ್ಮೂರಲ್ಲಿ ಹತ್ತು ಹೆಂಗಸರಿಗೆ ಹೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

ಕಾಕುವಿಗೆ ಈಗ ವಯಸ್ಸಾಗಿದೆ. ರೊಟ್ಟಿ ಬಡಿಯಲು ಸೊಸೆ, ಇನ್ನೂ ನಾಲ್ಕು ಜನ ಇದ್ದಾರೆ. ಕಟಕ ರೊಟ್ಟಿ ಮಾಡಿ ಪ್ಯಾಕೆಟ್ ಕಟ್ಟಿ ಶೇಂಗಾ ಚಟ್ನಿ ಜೊತೆ ಹುಬ್ಬಳ್ಳಿಗೆ ಕಳಿಸುತ್ತಾರೆ. ಹೋದ ಯುಗಾದಿಗೆ ಊರಿಗೆ ಹೋದಾಗ ರೊಟ್ಟಿ ಮಷೀನಿನ ಮಾತು ಬಂತು, ಒಂದೂವರೆ ಲಕ್ಷದ ಹತ್ತಿರ. ಸಣ್ಣ ಆಹಾರ ಉದ್ಯಮಗಳಿಗಾಗಿ ಇದ್ದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35 ಸಹಾಯಧನ ಸಿಗುತ್ತಿತ್ತು, ಕೈಯಿಂದ ಸ್ವಲ್ಪ ಹಾಕಿ ಉಳಿದದ್ದಕ್ಕೆ ಬ್ಯಾಂಕ್ ಸಾಲ. ಸರಿ, ನಾನೂ ಜೊತೆಗೆ ಹೋದೆ. ಬ್ಯಾಂಕಿನಲ್ಲಿ ಕೂತ ಹುಡುಗ ಒಳ್ಳೆಯವನು, ಕಾಗದ ಎಲ್ಲ ಬಿಡಿಸಿ ಹೇಳಿದ. ಬಡ್ಡಿ ಎಷ್ಟು, ಎಷ್ಟು ವರ್ಷ ಅಂತ ನಾನು ಕೇಳುತ್ತಿದ್ದೆ. ಕಾಕು ನಡುವೆ ಬಾಯಿ ಹಾಕಿದಳು.

"ಮೊದಲನೇ ಕಂತು ಯಾವಾಗ್ರೀ?"

ಬರುವ ತಿಂಗಳು ಐದನೇ ತಾರೀಖು ಅಂದ.

"ಮಷೀನ್ ಬರೂದು ಯಾವಾಗ?"

ಡೀಲರಿಗೆ ಫೋನ್ ಹಚ್ಚಿದ. ಆರ್ಡರ್ ಕೊಟ್ಟ ಮೇಲೆ 45 ದಿನ ಆಗುತ್ತದೆ ಅಂತ ಆ ಕಡೆಯಿಂದ ಹೇಳಿದರು. ಎರಡು ತಿಂಗಳು ಬಿಟ್ಟು ಕಂತು ಶುರು ಮಾಡಲು ಆಗುವುದಿಲ್ಲವಾ ಅಂತ ನಾನು ಕೇಳಿದೆ. ಅವನು ಕಂಪ್ಯೂಟರಿನಲ್ಲಿ ಏನೇನೋ ಒತ್ತಿ ನೋಡಿ, ಮ್ಯಾನೇಜರ್ ರಜೆ ಮುಗಿಸಿ ಬರಲಿ, ಕೇಳಿ ಹೇಳುತ್ತೇನೆ ಎಂದ.

ಕಾಕು ಕಾಗದ ಎಲ್ಲ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಹಂಗಾರ ಅವರು ಬಂದ ಮ್ಯಾಲೆ ಸಹಿ ಮಾಡ್ತೀವಿ ತಮ್ಮಾ" ಅಂದು ಎದ್ದಳು. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ, ನಿನಗೆ ಇಷ್ಟು ವರ್ಷ ಲೆಕ್ಕ ಬರೆಸಿದ್ದು ಸುಮ್ನೆ ಆಯಿತು ನೋಡು, ಕೇಳಬೇಕಾದದ್ದನ್ನು ಕೊನೆಗೆ ಕೇಳುತ್ತೀಯಲ್ಲ ಎಂದು ಬೈದಳು. ಬಸ್ ಬರಲು ಹೊತ್ತಿತ್ತು. ಇಬ್ಬರೂ ಕಬ್ಬಿನ ಹಾಲು ಕುಡಿದೆವು, ದುಡ್ಡು ಆಕೆಯೇ ಕೊಟ್ಟಳು.